ಕಾಸ್ಟಿಂಗ್ ಡೈರೆಕ್ಟರ್ ಆಗಬೇಕೆ? ಕಾರವಾರ, ಶಿರಸಿಯಿಂದಲೇ ಶುರು ಮಾಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಶೂಟಿಂಗ್ ಯೂನಿಟ್‌ಗಳು ಬರುವುದು ಹೊಸದೇನಲ್ಲ. ಗೋಕರ್ಣದ ಕಡಲು, ಯಾಣದ ಬಂಡೆ, ಮುರ್ಡೇಶ್ವರ, ಶಿರಸಿ ಸುತ್ತಲಿನ ಅಡಿಕೆ ತೋಟ, ದಾಂಡೇಲಿಯ ಕಾಡು ಎಲ್ಲವೂ ತೆರೆ ಮೇಲೆ ಬಂದಿವೆ. ಆದರೆ ಆ ತೋಟದ ಯಜಮಾನನ ಪಾತ್ರ ಮಾಡುವವರು, ಆ ದಕ್ಕೆಯಲ್ಲಿ ಮೀನು ಮಾರುವವರು ಎಷ್ಟೋ ಸಲ ಬೇರೆ ಊರಿನವರಾಗಿರುತ್ತಾರೆ. ಬಾಯಿ ಬಿಟ್ಟ ಕೂಡಲೇ ನಮಗೆ ಗೊತ್ತಾಗಿಬಿಡುತ್ತದೆ, ಅಲ್ವಾ? ಜಾಗ ಇಲ್ಲಿಯದು, ಮಾತು ಎಲ್ಲಿಯದೋ.

ಯೂನಿಟ್‌ನವರಿಗೆ ಇಲ್ಲಿಯ ಜನ ಬೇಡ ಅಂತೇನೂ ಇಲ್ಲ. ಯಾರು ಎಲ್ಲಿದ್ದಾರೆ ಅಂತ ಹೇಳುವವರು ಅವರಿಗೆ ಸಿಕ್ಕಿರುವುದಿಲ್ಲ. ಅದನ್ನೇ ವೃತ್ತಿಯಾಗಿ ಮಾಡುವವರು ಕಾಸ್ಟಿಂಗ್ ಡೈರೆಕ್ಟರ್. ಈ ಕೆಲಸಕ್ಕೆ ಬೇಕಾದ ಬಂಡವಾಳ ಎರಡು: ಜನರ ಪರಿಚಯ ಮತ್ತು ಒಳ್ಳೆಯ ಕಿವಿ. ಎರಡನ್ನೂ ಬೆಂಗಳೂರಿಗಿಂತ ಇಲ್ಲಿಯೇ ಚೆನ್ನಾಗಿ ಗಳಿಸಬಹುದು ಎನ್ನುವುದು ನನ್ನ ಗಟ್ಟಿ ನಂಬಿಕೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಕೆಲಸ ಏನು?

ಸ್ಕ್ರಿಪ್ಟ್ ಓದಿ ಪ್ರತಿ ಪಾತ್ರಕ್ಕೂ ಹೊಂದುವ ಕಲಾವಿದರನ್ನು ಹುಡುಕುವುದು. ಆಡಿಷನ್ ಮಾಡುವುದು. ನಿರ್ದೇಶಕರ ಮುಂದೆ ಎರಡು ಮೂರು ಆಯ್ಕೆ ಇಡುವುದು. ಆಯ್ಕೆಯಾದವರ ಡೇಟ್ಸ್, ಸಂಭಾವನೆ ಮಾತಾಡಿ ಒಪ್ಪಂದದವರೆಗೆ ತರುವುದು. ಕೊನೆಯ ತೀರ್ಮಾನ ನಿರ್ದೇಶಕರದ್ದು, ದೊಡ್ಡ ಪಾತ್ರವಾದರೆ ನಿರ್ಮಾಪಕರದ್ದೂ ಹೌದು. ಜಾತ್ರೆಯ ದೃಶ್ಯಕ್ಕೆ ನೂರು ಜನರನ್ನು ಕರೆತರುವ ಕೋಆರ್ಡಿನೇಟರ್ ಕೆಲಸ ಬೇರೆ. ಶುರುವಿನಲ್ಲಿ ಎರಡನ್ನೂ ನೀವೇ ಮಾಡಬೇಕಾಗಬಹುದು. ಮಾಡಿ, ಆದರೆ ಎರಡರ ಲೆಕ್ಕ ಬೇರೆ ಬೇರೆ ಇಡಿ.

ಭಾರತದ ಸಿನಿಮಾದಲ್ಲಿ ಈ ಹೆಸರಿನ ಕೆಲಸಕ್ಕೆ ಬಹಳ ಹಳೆಯ ಇತಿಹಾಸವಿಲ್ಲ. 1994ರ ‘ಬ್ಯಾಂಡಿಟ್ ಕ್ವೀನ್’ ಚಿತ್ರಕ್ಕೆ ಕಲಾವಿದರನ್ನು ಆರಿಸಿದವರು ತಿಗ್ಮಾಂಶು ಧುಲಿಯಾ, ಮುಂದೆ ಅವರೇ ನಿರ್ದೇಶಕರಾದರು. 2012ರ ‘ಗ್ಯಾಂಗ್ಸ್ ಆಫ್ ವಾಸೇಪುರ್’ ಬಂದ ಮೇಲೆ ಮುಕೇಶ್ ಛಾಬ್ರಾ ಹೆಸರು ಎಲ್ಲರಿಗೂ ಗೊತ್ತಾಯಿತು. ಬ್ರಿಟನ್ನಿನ ಚಲನಚಿತ್ರ ಅಕಾಡೆಮಿ ಬಾಫ್ಟಾ 2020ರಲ್ಲಿ ಕಾಸ್ಟಿಂಗ್‌ಗೆ ಪ್ರಶಸ್ತಿ ಕೊಡಲು ಶುರು ಮಾಡಿತು. ಆಸ್ಕರ್‌ನಲ್ಲಿ ಈ ವಿಭಾಗ ಬಂದಿದ್ದು 2025ರಲ್ಲಿ ಬಿಡುಗಡೆಯಾದ ಚಿತ್ರಗಳಿಂದ. ಕನ್ನಡದಲ್ಲಿ ಇಂದಿಗೂ ಹಲವು ಚಿತ್ರಗಳಲ್ಲಿ ಅಸೋಸಿಯೇಟ್ ಡೈರೆಕ್ಟರ್‌ಗಳೇ ಈ ಕೆಲಸ ನೋಡಿಕೊಳ್ಳುತ್ತಾರೆ. ಹಾಗಾಗಿ ಜಾಗ ಇನ್ನೂ ಖಾಲಿ ಇದೆ.

ಊರಿನ ಜನರನ್ನೇ ಇಟ್ಟುಕೊಂಡು ಸಿನಿಮಾ ಮಾಡಲು ಸಾಧ್ಯವೇ ಅಂತ ಯಾರಾದರೂ ಕೇಳಿದರೆ ‘ತಿಥಿ’ ನೋಡಲು ಹೇಳಿ. ಮಂಡ್ಯ ಜಿಲ್ಲೆಯ ಹಳ್ಳಿಯವರು, ಮೊದಲು ಎಂದೂ ಕ್ಯಾಮೆರಾ ಮುಂದೆ ನಿಲ್ಲದವರು ಮುಖ್ಯ ಪಾತ್ರಗಳಲ್ಲಿದ್ದಾರೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು. ಒಂದು ಊರನ್ನು ಒಳಗಿನಿಂದ ಬಲ್ಲವರು ತಂಡದಲ್ಲಿದ್ದರೆ ಮಾತ್ರ ಇಂಥದ್ದು ಆಗುತ್ತದೆ.

ಹೆಜ್ಜೆ 1: ನೋಡಿ, ನೋಡಿದ್ದನ್ನು ಬರೆದಿಡಿ

ಮೊದಲ ಒಂದು ವರ್ಷ ಬೇರೇನೂ ಬೇಡ. ಯಕ್ಷಗಾನದ ಆಟ, ನಾಟಕ ನೋಡಿ.

ಇದಕ್ಕೆ ನಮ್ಮಷ್ಟು ಅನುಕೂಲ ಇರುವ ಜಿಲ್ಲೆ ಕಡಿಮೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಮೇಳವಿದೆ, 1934ರಲ್ಲಿ ಶುರುವಾಗಿದ್ದು. ಮಳೆಗಾಲ ಮುಗಿದರೆ ಬಡಗುತಿಟ್ಟು ಶೈಲಿಯ ಯಕ್ಷಗಾನ ಮೇಳಗಳ ತಿರುಗಾಟ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಾಳಮದ್ದಳೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ. ಕಾರವಾರದಲ್ಲಿ ಜಿಲ್ಲಾ ರಂಗಮಂದಿರವಿದೆ, ಕಡಲ ತೀರದಲ್ಲಿ ಮಯೂರವರ್ಮ ವೇದಿಕೆ ಇದೆ. ಇಷ್ಟೂ ಸಾಲದು ಅಂದರೆ ಹಳ್ಳಿಗಳ ಹವ್ಯಾಸಿ ನಾಟಕ, ಕಾಲೇಜಿನ ಗ್ಯಾದರಿಂಗ್, ಶಾಲೆಯ ವಾರ್ಷಿಕೋತ್ಸವ. ಕೊನೆಯದನ್ನು ದಯವಿಟ್ಟು ಕಡೆಗಣಿಸಬೇಡಿ. ಮಕ್ಕಳ ಪಾತ್ರಕ್ಕೆ ಜನ ಸಿಗುವುದೇ ಅಲ್ಲಿ.

ನೋಡುವಾಗ ಮುಖ್ಯ ವೇಷದ ಮೇಲೇ ಕಣ್ಣಿಡಬೇಡಿ. ಬೇರೆಯವರು ಮಾತಾಡುವಾಗ ಸುಮ್ಮನೆ ನಿಂತವರು ಏನು ಮಾಡುತ್ತಿದ್ದಾರೆ ನೋಡಿ. ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿರುವ ನಟ ಕ್ಯಾಮೆರಾಕ್ಕೆ ಬಂದರೆ ಗೆಲ್ಲುತ್ತಾರೆ. ತಮ್ಮ ಮಾತಿನ ಸರದಿಗೆ ಕಾಯುತ್ತಾ ನಿಂತವರಿಗೆ ಜಾಸ್ತಿ ಕೆಲಸ ಹಿಡಿಯುತ್ತದೆ. ತಾಳಮದ್ದಳೆಯಲ್ಲಿ ಇದು ಇನ್ನೂ ಸ್ಪಷ್ಟ. ವೇಷವಿಲ್ಲ, ಕುಣಿತವಿಲ್ಲ. ಎದುರು ಅರ್ಥಧಾರಿಯ (ಪಾತ್ರದ ಮಾತಾಡುವ ಕಲಾವಿದರ) ಪ್ರಶ್ನೆಗೆ ಅಲ್ಲಿಯೇ ಹುಟ್ಟುವ ಉತ್ತರ ಮಾತ್ರ ಇರುತ್ತದೆ. ಆ ಹುಟ್ಟುವ ಗಳಿಗೆಯಲ್ಲಿ ಮುಖದಲ್ಲಿ ಏನಾಗುತ್ತದೆ ಅಂತ ಗಮನಿಸಲು ಕಲಿತರೆ ನಿಮಗೆ ಅರ್ಧ ವಿದ್ಯೆ ಬಂದ ಹಾಗೆ.

ಮನೆಗೆ ಬಂದ ಮೇಲೆ, ಅದೇ ರಾತ್ರಿ, ಬರೆಯಿರಿ. ಹೆಸರು, ಊರು, ಸುಮಾರು ವಯಸ್ಸು, ಯಾವ ಪಾತ್ರದಲ್ಲಿ ನೋಡಿದ್ದು, ಏನು ಹಿಡಿಸಿತು. “ಒಳ್ಳೆಯ ನಟ” ಅಂತ ಬರೆದರೆ ಆರು ತಿಂಗಳ ನಂತರ ನಿಮಗೇ ಏನೂ ನೆನಪಾಗುವುದಿಲ್ಲ. “ಸಿಟ್ಟು ಬಂದಾಗ ದನಿ ತಗ್ಗುತ್ತದೆ”, “ನಗುವಾಗ ಕಣ್ಣು ನಗುವುದಿಲ್ಲ”, “ಮಗುವಿನ ಜೊತೆ ಚೆನ್ನಾಗಿ ಹೊಂದಿಕೊಂಡರು” ಎನ್ನುವ ಹಾಗಿರಲಿ. ಪುಸ್ತಕ ಸಾಕು. ನೂರಿನ್ನೂರು ಹೆಸರಾದ ಮೇಲೆ ಗೂಗಲ್ ಶೀಟ್‌ಗೆ ಹಾಕಿ. ವಯಸ್ಸು, ತಾಲೂಕು, ಮಾತಾಡುವ ಭಾಷೆ, ಸೈಕಲ್, ಈಜು, ದೋಣಿ, ಮರ ಹತ್ತುವುದು, ಹಾಡು, ಹೀಗೆ ಕಾಲಂ ಮಾಡಿಕೊಂಡರೆ ಹುಡುಕುವುದು ಸಲೀಸು.

ಹೆಜ್ಜೆ 2: ಕಿವಿ ತಯಾರು ಮಾಡಿಕೊಳ್ಳಿ

ಉತ್ತರ ಕನ್ನಡದಲ್ಲಿ ಬಸ್ಸು ಒಂದು ಗಂಟೆ ಓಡಿದರೆ ಮಾತು ಬದಲಾಗುತ್ತದೆ. ಘಟ್ಟದ ಮೇಲಿನ ಹವ್ಯಕರ ಮಾತು ಬೇರೆ, ಕುಮಟಾ ಹೊನ್ನಾವರದ ಹವ್ಯಕರ ಮಾತು ಬೇರೆ. ಅಂಕೋಲೆಯಲ್ಲಿ ಹಾಲಕ್ಕಿ ಒಕ್ಕಲಿಗರದ್ದು ಒಂದು ಕನ್ನಡ, ನಾಡವರದ್ದು ಇನ್ನೊಂದು. ಕಾರವಾರದ ಕೊಂಕಣಿಯಲ್ಲೇ ಖಾರ್ವಿಯವರ ಮಾತು, ಕ್ರಿಶ್ಚಿಯನ್ನರ ಮಾತು, ಸಾರಸ್ವತರ ಮಾತು ಅಂತ ಬೇರೆ ಬೇರೆ. ಭಟ್ಕಳದಲ್ಲಿ ನವಾಯತಿ. ಹಳಿಯಾಳ, ಜೋಯಿಡಾದಲ್ಲಿ ಮರಾಠಿಯ ಬಳಕೆ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು, ಮುಂಡಗೋಡ ಕಡೆ ಗೌಳಿಗರು. ಮುಂಡಗೋಡದಲ್ಲೇ 1966ರಿಂದ ಟಿಬೆಟನ್ ನೆಲೆ ಇದೆ. ಒಂದೇ ಜಿಲ್ಲೆಯಲ್ಲಿ ಇಷ್ಟು!

ಬೆಂಗಳೂರಿನ ನಿರ್ದೇಶಕರು “ಕರಾವಳಿ ಸ್ಲ್ಯಾಂಗ್ ಬೇಕು” ಅಂತ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಮಂಗಳೂರು ಅಥವಾ ಕುಂದಾಪುರದ ಕನ್ನಡ. ಕಥೆ ಕುಮಟಾ ತಾಲೂಕಿನ ತದಡಿಯಲ್ಲಿ ನಡೆಯುವುದಾದರೆ ಅದು ಹೊಂದುವುದಿಲ್ಲ ಅಂತ ಹೇಳುವವರು ನೀವೇ ಆಗಬೇಕು. ಹೇಳಿದರೆ ಸಾಲದು, ಕೇಳಿಸಬೇಕು. ಅದಕ್ಕಾಗಿ ಧ್ವನಿ ಸಂಗ್ರಹ ಮಾಡಿಕೊಳ್ಳಿ. ಪ್ರತಿ ತಾಲೂಕಿನಲ್ಲಿ ಕೆಲವರನ್ನು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಮೂರು ನಾಲ್ಕು ನಿಮಿಷ ರೆಕಾರ್ಡ್ ಮಾಡಿ. ಕಾಗದ ಕೊಟ್ಟು ಓದಿಸಬೇಡಿ. ಕಾಗದ ಕಂಡ ಕೂಡಲೇ ಜನ ಪುಸ್ತಕದ ಭಾಷೆಗೆ ಹೋಗಿಬಿಡುತ್ತಾರೆ. “ನಿನ್ನೆ ಮನೆಯಲ್ಲಿ ಏನು ಅಡುಗೆ, ಹೇಗೆ ಮಾಡಿದ್ರಿ?” ಅಂತ ಕೇಳಿ. ಇಲ್ಲವೇ ಹಿಂದಿನ ಮಳೆಗಾಲದಲ್ಲಿ ಹೊಳೆ ಏರಿದ್ದನ್ನು ಹೇಳಿಸಿ. ಮಾತು ತಾನಾಗಿ ಹರಿಯುತ್ತದೆ.

ಇಲ್ಲಿ ಒಂದು ವಿಷಯವನ್ನು ಖಾರವಾಗಿಯೇ ಹೇಳುತ್ತೇನೆ. ಸಿದ್ದಿ ಸಮುದಾಯದ ಕಲಾವಿದರನ್ನು ಕೇಳಿಕೊಂಡು ಬರುವ ಎಷ್ಟೋ ಪ್ರಾಜೆಕ್ಟ್‌ಗಳಿಗೆ ಬೇಕಾಗಿರುವುದು ಅವರ ಮೈಬಣ್ಣ, ಗುಂಗುರು ಕೂದಲು ಮಾತ್ರ. ಆಫ್ರಿಕಾದ ಗೂಂಡಾ, ಡ್ರಗ್ಸ್ ಮಾರುವವ, ಕಾಡಿನ ಕುಣಿತದ ಗುಂಪು. ತಲೆಮಾರುಗಳಿಂದ ಇಲ್ಲಿಯೇ ಬದುಕಿದ ಜನ ಅವರು. ಕನ್ನಡ, ಕೊಂಕಣಿ, ಮರಾಠಿ ಮಾತಾಡುತ್ತಾರೆ, ಅವರಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಕಲಿತು ಬಂದವರಿದ್ದಾರೆ. ಪ್ರಶಾಂತ್ ಸಿದ್ದಿ ಕನ್ನಡ ಚಿತ್ರಗಳಲ್ಲಿ ಹೆಸರು ಮಾಡಿದ್ದು ಗೊತ್ತೇ ಇದೆ. ಮಾಸ್ತರ, ಫಾರೆಸ್ಟ್ ಗಾರ್ಡ್, ಪ್ರೇಮಿ, ಅಪ್ಪ ಯಾವ ಪಾತ್ರಕ್ಕೂ ಅವರ ಹೆಸರನ್ನು ಲಿಸ್ಟ್‌ನಲ್ಲಿ ಸೇರಿಸುವುದು ಕಾಸ್ಟಿಂಗ್ ಮಾಡುವವರ ಕೈಯಲ್ಲಿದೆ. ಅವಮಾನ ಮಾಡುವ ಪಾತ್ರ ಬಂದರೆ ಬೇಡ ಅಂತ ಹೇಳಿ. ಒಂದು ಕೆಲಸ ಹೋದರೂ ಪರವಾಗಿಲ್ಲ, ಆ ಊರಿನವರ ನಂಬಿಕೆ ಉಳಿಯುತ್ತದೆ. ಹಾಲಕ್ಕಿ ಅಜ್ಜಿಯರ ಮಣಿಸರ, ಉಡುಗೆಯನ್ನು ಸುಮ್ನೆ ಹಿನ್ನೆಲೆಯ ಅಲಂಕಾರಕ್ಕೆ ಕೇಳಿದಾಗಲೂ ಇದೇ ಮಾತು.

ಹೆಜ್ಜೆ 3: ರಂಗಭೂಮಿಯಲ್ಲಿ ಕೈ ಪಳಗಿಸಿ

ಕಾಸ್ಟಿಂಗ್ ಅಂತಲೇ ಕೋರ್ಸ್ ಹುಡುಕುತ್ತಾ ಕೂರಬೇಡಿ. ನಟನೆ ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿದರೆ ಸಾಕು. ಸಿದ್ದಾಪುರ ದಾಟಿದರೆ ಸಾಗರ, ಅಲ್ಲಿಯೇ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ, ಅದರ ‘ತಿರುಗಾಟ’ ತಂಡ 1985ರಿಂದ ಊರೂರು ಸುತ್ತುತ್ತಿದೆ. ಧಾರವಾಡದಲ್ಲಿ ರಂಗಾಯಣವಿದೆ. ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಬೆಂಗಳೂರಿನಲ್ಲಿದೆ. ಪೂರ್ತಿ ಕೋರ್ಸ್ ಮಾಡಲು ಆಗದಿದ್ದರೆ ರಜೆಯ ಶಿಬಿರಗಳಿಗೆ ಹೋಗಿ.

ಅದೂ ಆಗದಿದ್ದರೆ ಊರಿನ ಹವ್ಯಾಸಿ ತಂಡದಲ್ಲಿ ಪ್ರಾಂಪ್ಟರ್ (ನಟರಿಗೆ ಮಾತು ನೆನಪಿಸುವವರು) ಆಗಿ ಕೂತುಕೊಳ್ಳಿ. ಇದು ಸಣ್ಣ ಕೆಲಸ ಅಂತ ಕಾಣಬಹುದು. ತಾಲೀಮಿನ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಬ್ಬ ನಟ ಎಷ್ಟು ಬೆಳೆದ, ಯಾರು ಎರಡನೇ ವಾರಕ್ಕೇ ನಿಂತುಬಿಟ್ಟರು, ಯಾರು ದಿನಾ ತಡವಾಗಿ ಬರುತ್ತಾರೆ ಎಲ್ಲವೂ ಪ್ರಾಂಪ್ಟರ್‌ಗೆ ಗೊತ್ತಿರುತ್ತದೆ. ಒಂದೆರಡು ಸಲ ನೀವೂ ಬಣ್ಣ ಹಚ್ಚಿ. ಬೆಳಕಿಗೆ ಬಂದಾಗ ಗಂಟಲು ಒಣಗುವುದು ಏನು ಅಂತ ಗೊತ್ತಿದ್ದವರು ಆಡಿಷನ್‌ಗೆ ಬಂದವರನ್ನು ಬೇರೆ ರೀತಿ ನಡೆಸಿಕೊಳ್ಳುತ್ತಾರೆ.

ನಮ್ಮ ರಂಗಭೂಮಿಯಲ್ಲಿ ಪಾತ್ರ ಹಂಚುವುದು ಸಾಮಾನ್ಯವಾಗಿ ನಿರ್ದೇಶಕರೇ. ಹೊರಗಿನಿಂದ ನಿರ್ದೇಶಕರು ಬಂದಾಗ ಮಾತ್ರ ನಿಮ್ಮ ಕೆಲಸಕ್ಕೆ ದಾರಿ ಇದೆ. ನಾಟಕಕ್ಕೆ ಜನ ಆರಿಸುವಾಗ ಪ್ರತಿಭೆಯಷ್ಟೇ ಹಾಜರಿಯೂ ಮುಖ್ಯ. ಬ್ಯಾಂಕಿನವರು, ಮೇಷ್ಟ್ರು, ಅಂಗಡಿಯವರು ಸಂಜೆ ಕೆಲಸ ಮುಗಿಸಿ ಬರಬೇಕು. ತಿಂಗಳುಗಟ್ಟಲೆ ಬರಲಾಗದ ಒಳ್ಳೆಯ ನಟನಿಗಿಂತ ದಿನಾ ಬರುವ ಸಾಧಾರಣ ನಟ ಹಲವು ಸಲ ನಾಟಕವನ್ನು ಎತ್ತಿ ನಿಲ್ಲಿಸುತ್ತಾನೆ. ಒಬ್ಬರಿಗೆ ಎರಡು ಪಾತ್ರ ಕೊಡುವಾಗ ವೇಷ ಬದಲಿಸಲು ಸಮಯ ಇದೆಯೇ ನೋಡಿ. ಮುಖ್ಯ ಪಾತ್ರಕ್ಕೆ ಮಾತು ಕಲಿತ ಇನ್ನೊಬ್ಬರು ಇರಲಿ.

ರಂಗಭೂಮಿಯಿಂದ ಸಿನಿಮಾಕ್ಕೆ ಹೋಗುವ ದಾರಿ ನಮ್ಮವರಿಗೆ ಹೊಸದಲ್ಲ. ಈ ಕರಾವಳಿಯ ಮೂಲದ ಅನಂತ್ ನಾಗ್, ಶಂಕರ್ ನಾಗ್ ಮುಂಬೈ ರಂಗಭೂಮಿಯಲ್ಲಿ ಪಳಗಿದವರು. ನಿರ್ದೇಶಕ ಶ್ಯಾಮ್ ಬೆನಗಲ್ 1974ರ ‘ಅಂಕುರ್’ಗೆ ಅನಂತ್ ನಾಗ್ ಅವರನ್ನು ಆರಿಸಿಕೊಂಡಿದ್ದು ಅಲ್ಲಿಂದಲೇ.

ಹೆಜ್ಜೆ 4: ಸ್ಕ್ರಿಪ್ಟ್ ಬಿಡಿಸಿ ಓದಿ

ಸ್ಕ್ರಿಪ್ಟ್ ಕೈಗೆ ಬಂದರೆ ಮೊದಲ ಸಲ ಕಥೆಗಾಗಿ ಓದಿ. ಎರಡನೇ ಸಲ ಪ್ರತಿ ಪಾತ್ರವನ್ನೂ ಪಟ್ಟಿ ಮಾಡಿ, ಒಂದೇ ಸಾಲು ಮಾತಾಡುವ ಬಸ್ ಕಂಡಕ್ಟರ್ ಸೇರಿ. ಯಾವ ಯಾವ ದೃಶ್ಯ, ಎಷ್ಟು ದಿನದ ಶೂಟಿಂಗ್, ಮಾತು ಯಾವ ಭಾಷೆಯಲ್ಲಿ, ಯಾರ ಜೊತೆ ಸಂಬಂಧ ಅಂತ ಎದುರಿಗೆ ಬರೆಯಿರಿ. ಅಪ್ಪ ಮಗನ ಪಾತ್ರ ಇದ್ದರೆ ಇಬ್ಬರನ್ನೂ ಒಟ್ಟಿಗೇ ಯೋಚಿಸಬೇಕು.

ಆಮೇಲೆ ಪ್ರತಿ ಪಾತ್ರಕ್ಕೆ ಬ್ರೀಫ್, ಅಂದರೆ ಪಾತ್ರದ ಚಿಕ್ಕ ವಿವರಣೆ. ಒಂದು ಉದಾಹರಣೆ ಕೊಡುತ್ತೇನೆ, ಕಾಲ್ಪನಿಕ ಪಾತ್ರ:

“ಕಮಲಾ, 50ರ ಆಸುಪಾಸು. ಬೈತಖೋಲ ಬಂದರಿನಿಂದ ಮೀನು ತಂದು ಕಾರವಾರ ಪೇಟೆಯಲ್ಲಿ ಮಾರುತ್ತಾಳೆ. ಮನೆ ಮಾತು ಕೊಂಕಣಿ, ಗಿರಾಕಿಗಳ ಹತ್ತಿರ ಕನ್ನಡ. ಚೌಕಾಸಿ ಮಾಡುವಾಗ ದನಿ ಏರುತ್ತದೆ, ಮಗನ ವಿಷಯ ಬಂದರೆ ಮಾತು ನಿಲ್ಲುತ್ತದೆ. ಆರು ದೃಶ್ಯ, ನಾಲ್ಕು ದಿನ. ಮೀನು ಹೆಚ್ಚಲು ಬರಲೇಬೇಕು.”

ಇದರಲ್ಲಿ ‘ಸುಂದರ’, ‘ಬೆಳ್ಳಗೆ’, ‘ಹೋಮ್ಲಿ ಲುಕ್’ ಅಂತ ಏನೂ ಇಲ್ಲ, ಗಮನಿಸಿ. ಪಾತ್ರ ಏನು ಮಾಡುತ್ತದೆ, ಹೇಗೆ ಮಾತಾಡುತ್ತದೆ ಅಂತ ಬರೆದರೆ ಸರಿಯಾದವರು ಬರುತ್ತಾರೆ. ನಿರ್ದೇಶಕರಿಗೆ ಈ ಬ್ರೀಫ್ ತೋರಿಸಿ ಒಪ್ಪಿಗೆ ಪಡೆದೇ ಮುಂದಕ್ಕೆ ಹೋಗಿ.

ಹೆಜ್ಜೆ 5: ಆಡಿಷನ್

ಸ್ಟುಡಿಯೋ ಬೇಕಿಲ್ಲ. ಶಾಲೆಯ ಕೋಣೆ, ಸಮುದಾಯ ಭವನ ಸಾಕು. ಶೀಟಿನ ಮಾಡು ಇರುವ ಜಾಗ ಮಾತ್ರ ಮಳೆಗಾಲದಲ್ಲಿ ಬೇಡ, ಒಂದು ಮಾತೂ ರೆಕಾರ್ಡ್ ಆಗುವುದಿಲ್ಲ. ಕಿಟಕಿ ಬೆಳಕು ನಟರ ಮುಖದ ಮೇಲೆ ಬೀಳುವ ಹಾಗೆ ನಿಲ್ಲಿಸಿ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಒಳ್ಳೆಯ ಮೊಬೈಲ್, ಟ್ರೈಪಾಡ್, ಕಾಲರ್ ಮೈಕ್ ಇದ್ದರೆ ಶುರು ಮಾಡಬಹುದು. ಮೊಬೈಲ್ ಅಡ್ಡ ಹಿಡಿಯಿರಿ. ಹಿಂದೆ ಖಾಲಿ ಗೋಡೆ ಇರಲಿ.

ಮೊದಲು ಪರಿಚಯ: ಹೆಸರು, ಊರು, ವಯಸ್ಸು, ಎತ್ತರ, ಎಡ ಬಲ ಮುಖ, ಕೈಗಳು. ಆಮೇಲೆ ದೃಶ್ಯ. ಎದುರು ಮಾತು ಓದುವವರು ಕ್ಯಾಮೆರಾದ ಪಕ್ಕದಲ್ಲಿ, ಲೆನ್ಸಿಗೆ ಹತ್ತಿರ ಕೂರಲಿ. ಓದುವವರು ಚೆನ್ನಾಗಿ ಓದದಿದ್ದರೆ ಬಂದ ನಟ ಎಷ್ಟು ಒಳ್ಳೆಯವನಾದರೂ ದೃಶ್ಯ ಏಳುವುದಿಲ್ಲ. ಹಾಗಾಗಿ ತಂಡದ ಅತ್ಯುತ್ತಮ ಓದುಗರನ್ನು ಅಲ್ಲಿ ಕೂರಿಸಿ.

ಎಲ್ಲಕ್ಕಿಂತ ಮುಖ್ಯ, ಎರಡನೇ ಟೇಕ್. ಮೊದಲ ಸಲ ಅವರು ಮನೆಯಲ್ಲಿ ತಯಾರಿ ಮಾಡಿಕೊಂಡು ಬಂದದ್ದನ್ನು ಮಾಡುತ್ತಾರೆ. ಎರಡನೇ ಸಲ ಒಂದೇ ಒಂದು ಬದಲಾವಣೆ ಹೇಳಿ. “ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ, ಇದೇ ಜಗಳ ಮಾಡಿ.” ಹೇಳಿದ್ದನ್ನು ಕೇಳಿಸಿಕೊಂಡು ಬದಲಾದರೆ ಆ ನಟನ ಜೊತೆ ನಿರ್ದೇಶಕರು ಕೆಲಸ ಮಾಡಬಲ್ಲರು. ಅದೇ ಮತ್ತೆ ಬಂದರೆ ಸೆಟ್‌ನಲ್ಲಿ ಕಷ್ಟ.

ಯಕ್ಷಗಾನ, ಕಂಪನಿ ನಾಟಕದಿಂದ ಬಂದವರು ಮೊದಲ ಟೇಕ್‌ನಲ್ಲಿ ದೊಡ್ಡ ದನಿ ತೆಗೆಯುತ್ತಾರೆ. ಅದನ್ನು ನೋಡಿ “ಓವರ್ ಆಕ್ಟಿಂಗ್” ಅಂತ ಕಳುಹಿಸಿಬಿಡುವವರಿದ್ದಾರೆ. ನನಗೆ ಇದು ತುಂಬಾ ಬೇಸರ ತರುವ ಸಂಗತಿ. ಕೊನೆಯ ಸಾಲಿನವರಿಗೂ ಕೇಳಬೇಕು ಅಂತ ವರ್ಷಗಟ್ಟಲೆ ಸಾಧನೆ ಮಾಡಿದ ದನಿ ಅದು. ಹಿರಿಯ ಅರ್ಥಧಾರಿಯೊಬ್ಬರಿಗೆ ನಾನು ಕ್ಯಾಮೆರಾ ವಿಷಯ ಏನೂ ಹೇಳಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಇದೇ ಮಾತನ್ನು ಜಗುಲಿಯಲ್ಲಿ ಕವಳ ಹಾಕುತ್ತಾ ನನಗೊಬ್ಬನಿಗೇ ಹೇಳಿ” ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಎಡಗೈ ತಾನಾಗಿ ಇಲ್ಲದ ಎಲೆಯ ಮೇಲೆ ಸುಣ್ಣ ಸವರಲು ಶುರು ಮಾಡಿತು. ದನಿ ಇಳಿಯಿತು. ಮಾತಿನ ನಡುವೆ ಸಂದು ಬಂತು. ಕೋಣೆಯಲ್ಲಿದ್ದ ನಾವೆಲ್ಲ ಮುಂದಕ್ಕೆ ಬಾಗಿ ಕೇಳುತ್ತಿದ್ದೆವು.

ನಟನೆ ಗೊತ್ತಿಲ್ಲದವರನ್ನು ಪರೀಕ್ಷಿಸುವಾಗ ಕೈಗೆ ಕೆಲಸ ಕೊಡಿ. ಕಮಲಾ ಪಾತ್ರಕ್ಕಾದರೆ ಮೀನು, ಕತ್ತಿ ಇಟ್ಟು, ಬಂಗಡೆ ಹೆಚ್ಚುತ್ತಾ ಮಾತಾಡಲು ಹೇಳಿ. ಆ ಕೆಲಸ ಬಲ್ಲವರು ಕತ್ತಿಯ ಕಡೆ ನೋಡುವುದೇ ಇಲ್ಲ. ಕಣ್ಣು ಗಿರಾಕಿಯ ಮುಖದ ಮೇಲೆ, ಬಾಯಲ್ಲಿ ರೇಟು, ಕೈ ಪಾಡಿಗೆ ಕೈ. ಭಯವೂ ಅಲ್ಲಿಯೇ ಇಳಿದುಹೋಗುತ್ತದೆ.

ದೂರದವರಿಂದ ಸೆಲ್ಫ್ ಟೇಪ್ (ತಾವೇ ತೆಗೆದ ಆಡಿಷನ್ ವಿಡಿಯೋ) ತರಿಸುವಾಗ ಸೂಚನೆಯನ್ನು ಕನ್ನಡದಲ್ಲೇ, ನಾಲ್ಕೈದು ಸಾಲಿನಲ್ಲಿ ಕಳಿಸಿ. ವಾಟ್ಸಾಪ್‌ನಲ್ಲಿ ವಿಡಿಯೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಫೈಲ್‌ಗೆ ಪಾತ್ರ, ನಟರ ಹೆಸರು, ಊರು, ಟೇಕ್ ಸಂಖ್ಯೆ ಎಂದು ಒಂದೇ ಕ್ರಮದಲ್ಲಿ ಹೆಸರಿಡಿ.

ನಿರ್ದೇಶಕರಿಗೆ ಎಲ್ಲ ವಿಡಿಯೋ ಸುರಿಯಬೇಡಿ. ಪಾತ್ರಕ್ಕೆ ಮೂವರು, ಪ್ರತಿಯೊಬ್ಬರಿಗೂ ಯಾಕೆ ಅಂತ ಒಂದು ಸಾಲು. ಮೂವರಲ್ಲಿ ನಿಮ್ಮ ಮನಸ್ಸು ಯಾರ ಕಡೆ ಇದೆ ಅಂತಲೂ ಹೇಳಿ. ನಿರ್ದೇಶಕರು ಒಪ್ಪದಿದ್ದರೆ ಒಂದು ಸಲ ವಾದ ಮಾಡಿ, ಆಮೇಲೆ ಬಿಡಿ. ಆಯ್ಕೆಯಾಗದವರಿಗೂ ಫೋನ್ ಮಾಡಿ ತಿಳಿಸಿ. ಶಿರಸಿಯಂಥ ಊರಿನಲ್ಲಿ ನಾಳೆ ಅವರು ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುತ್ತಾರೆ, ಮುಂದಿನ ವರ್ಷ ಅವರೇ ಬೇಕಾಗುತ್ತಾರೆ.

ಹೆಜ್ಜೆ 6: ಊರಿನ ಕ್ಯಾಲೆಂಡರ್ ಬಾಯಿಪಾಠ ಇರಲಿ

ಹೊರಗಿನ ಯೂನಿಟ್‌ಗಳು ಎಡವುವುದು ಇಲ್ಲಿ. ನೀವು ಬೇಕಾಗುವುದೂ ಇಲ್ಲಿಯೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಒಟ್ಟು 61 ದಿನ. ಬೋಟಿನಲ್ಲಿ ದುಡಿಯುವವರು ಊರಲ್ಲಿ ಸಿಗುವುದು ಆಗ. ಆದರೆ ಆಗ ಹೊರಗೆ ಶೂಟಿಂಗ್ ಮಾಡಲು ಮಳೆ ಬಿಡುವುದಿಲ್ಲ. ಹಾಗಾಗಿ ಆಡಿಷನ್, ವರ್ಕ್‌ಶಾಪ್ ಆ ಎರಡು ತಿಂಗಳಲ್ಲಿ ಮುಗಿಸಿ, ಶೂಟಿಂಗ್ ದಿನಗಳಿಗೆ ದಿನಗೂಲಿ ನಷ್ಟ ತುಂಬಿಕೊಡುವ ಹಾಗೆ ಮೊದಲೇ ಮಾತಾಡಿ. ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದ ಮೇಲೆ “ನಾಳೆ ಬನ್ನಿ” ಅಂದರೆ ಯಾರೂ ಬರಲಾರರು. ಬರಲಿ ಅಂತ ನಿರೀಕ್ಷಿಸುವುದೂ ತಪ್ಪು.

ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲು ನವೆಂಬರ್ ಹೊತ್ತಿಗೆ ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಬಿಡುವಿಲ್ಲ. ಯೂನಿಟ್‌ಗಳಿಗೆ ಇಷ್ಟವಾಗುವ ತಿಳಿ ಬಿಸಿಲೂ ಅದೇ ತಿಂಗಳುಗಳಲ್ಲಿ! ಮೇಳದ ಕಲಾವಿದರು ರಾತ್ರಿ ಆಟ ಮುಗಿಸಿ ಹಗಲು ಮಲಗುತ್ತಾರೆ, ಅವರಿಗೆ ಬೆಳಗಿನ ಆರು ಗಂಟೆಯ ಕಾಲ್‌ಟೈಮ್ (ಸೆಟ್‌ಗೆ ಬರಬೇಕಾದ ಹೊತ್ತು) ಕೊಡಬೇಡಿ. ಮಾರ್ಚ್ ಏಪ್ರಿಲ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಸುಗ್ಗಿ, ಬಂಡಿಹಬ್ಬ, ಚೌತಿ, ಕ್ರಿಸ್‌ಮಸ್, ಊರ ತೇರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಶೆಡ್ಯೂಲ್ ಮಾಡುವ ಅಸೋಸಿಯೇಟ್ ಕೈಗೆ ಕೊಡಿ. ಇಷ್ಟು ಮಾಡಿದರೆ ನಿಮ್ಮನ್ನು ಮುಂದಿನ ಸಿನಿಮಾಕ್ಕೂ ಕರೆಯುತ್ತಾರೆ.

ಹೆಜ್ಜೆ 7: ಕಾನೂನು, ಸುರಕ್ಷತೆ

ಇಲ್ಲಿ ರಾಜಿ ಇಲ್ಲ.

ಆಡಿಷನ್‌ಗೆ ಕಲಾವಿದರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಬೇಡಿ. ರಿಜಿಸ್ಟ್ರೇಷನ್, ಫೋಟೋಶೂಟ್, ಕಾರ್ಡ್ ಯಾವ ಹೆಸರಿನಲ್ಲೂ ಬೇಡ. ನಿಮಗೆ ದುಡ್ಡು ಕೊಡಬೇಕಾದವರು ನಿರ್ಮಾಪಕರು. ಹಣ ಕೇಳುವ ಮೋಸದವರು ನಮ್ಮ ಊರುಗಳಲ್ಲೂ ಓಡಾಡುತ್ತಾರೆ. ನೀವು ಅವರಂತಲ್ಲ ಅಂತ ಜನಕ್ಕೆ ಗೊತ್ತಾಗುವುದು ಇದರಿಂದಲೇ.

ಹೋಟೆಲ್ ರೂಮಿನಲ್ಲಿ, ರಾತ್ರಿ ಹೊತ್ತಿನಲ್ಲಿ, ಒಬ್ಬೊಬ್ಬರನ್ನೇ ಕರೆದು ಆಡಿಷನ್ ಬೇಡ. ತಂಡದಲ್ಲಿ ಮಹಿಳೆ ಇರಲಿ. ಬರುವವರು ಮನೆಯವರನ್ನು ಕರೆತಂದರೆ ಕುರ್ಚಿ ಹಾಕಿ ಕೂರಿಸಿ. ಮುಟ್ಟುವ, ಹತ್ತಿರವಾಗುವ ದೃಶ್ಯವನ್ನು ಆಡಿಷನ್‌ನಲ್ಲಿ ಮಾಡಿಸಲೇಬೇಡಿ, ಅಂಥ ದೃಶ್ಯ ಇದೆ ಅಂತ ಮಾತ್ರ ಮೊದಲೇ ಬರಹದಲ್ಲಿ ತಿಳಿಸಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ತಂಡವಾದರೆ ದೂರು ಕೊಡಲು ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಇದನ್ನು ಕಲಾವಿದರಿಗೆ ನೀವೇ ಹೇಳಿ.

ಮಕ್ಕಳ ವಿಷಯದಲ್ಲಿ ನಿಯಮ ಬಿಗಿಯಾಗಿದೆ, 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳಲ್ಲಿ ಎಲ್ಲ ಬರೆದಿದೆ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರು ಇರಬೇಕು. ಸಂಭಾವನೆಯಲ್ಲಿ ಕನಿಷ್ಠ 20 ಶೇಕಡ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಶಾಲೆ ತಪ್ಪಬಾರದು. ಅನುಮತಿಯ ಕಾಗದ ನಿರ್ಮಾಪಕರ ಜವಾಬ್ದಾರಿಯೇ ಆದರೂ, ಅದನ್ನು ಕಣ್ಣಾರೆ ನೋಡಿದ ಮೇಲೇ ಮಗುವನ್ನು ಸೆಟ್‌ಗೆ ಕಳಿಸಿ. ಆ ತಂದೆ ತಾಯಿ ನಂಬಿದ್ದು ನಿಮ್ಮನ್ನು.

ಕಲಾವಿದರ ಫೋಟೋ, ನಂಬರು, ವಿಡಿಯೋ ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬೇಡಿ. ವಾಟ್ಸಾಪ್ ಗ್ರೂಪಿಗಂತೂ ಬೇಡವೇ ಬೇಡ.

ಹೆಜ್ಜೆ 8: ಮೊದಲ ಕೆಲಸ, ಮೊದಲ ದುಡ್ಡು

ಕಾಲೇಜು ಹುಡುಗರ ಕಿರುಚಿತ್ರ, ರೆಸಾರ್ಟ್ ಜಾಹೀರಾತು, ಸರ್ಕಾರಿ ಜಾಗೃತಿ ವಿಡಿಯೋಗಳಿಂದ ಶುರು ಮಾಡಿ. ಮೊದಲ ಒಂದೆರಡು ದುಡ್ಡಿಲ್ಲದೆ ಮಾಡಿದರೂ ಟೈಟಲ್‌ನಲ್ಲಿ ಹೆಸರು ಬರಲಿ. ಆಮೇಲೆ ಇಲ್ಲಿಗೆ ಬರುವ ಯೂನಿಟ್‌ಗಳಿಗೆ ಲೋಕಲ್ ಕಾಸ್ಟಿಂಗ್. ಲೊಕೇಶನ್ ಮ್ಯಾನೇಜರ್‌ಗಳು, ಲಾಡ್ಜ್‌ನವರು, ಜೀಪ್ ಬಾಡಿಗೆಯವರಿಗೆ ನಿಮ್ಮ ಕೆಲಸ ತಿಳಿಸಿಟ್ಟಿರಿ. ಯೂನಿಟ್ ಮೊದಲು ಮಾತಾಡುವುದು ಅವರ ಹತ್ತಿರ.

ಎರಡು ಮೂರು ಕೆಲಸ ಆದ ಮೇಲೆ ಬೆಂಗಳೂರಿನಲ್ಲಿ ಒಬ್ಬ ಕಾಸ್ಟಿಂಗ್ ಡೈರೆಕ್ಟರ್ ಬಳಿ ಒಂದಾದರೂ ಸಿನಿಮಾಕ್ಕೆ ಸಹಾಯಕರಾಗಿ ಹೋಗಿ. ಡೇಟ್ಸ್ ಜಗಳ, ಸಂಭಾವನೆ ಮಾತು, ಒಪ್ಪಂದದ ಕಾಗದ, ದೊಡ್ಡ ನಟರ ಮ್ಯಾನೇಜರ್‌ಗಳ ಜೊತೆ ವ್ಯವಹಾರ, ಇವನ್ನೆಲ್ಲ ಊರಲ್ಲಿ ಕೂತು ಕಲಿಯಲಾಗದು. ಕಾರವಾರದವರಿಗೆ ಇನ್ನೊಂದು ದಿಕ್ಕೂ ಇದೆ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಪಣಜಿಯಲ್ಲಿ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಜೊತೆಗೆ ಚಿತ್ರ ಮಾಡುವವರು, ಕೊಳ್ಳುವವರು ಸೇರುವ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್). ಕೊಂಕಣ ರೈಲು ಹತ್ತಿದರೆ ಮಡಗಾಂವ್, ಅಲ್ಲಿಂದ ಬಸ್ಸು. ಕೊಂಕಣಿ ಬಲ್ಲವರಿಗೆ ಗೋವಾದ ತಿಯಾತ್ರ್ ರಂಗಭೂಮಿಯ ಕಲಾವಿದರ ಪರಿಚಯವೂ ಆಗುತ್ತದೆ.

ಫೀಸು ಪೂರ್ತಿ ಪ್ರಾಜೆಕ್ಟ್‌ಗೆ ಇಷ್ಟು ಅಂತ ಅಥವಾ ಪಾತ್ರಕ್ಕೆ ಇಷ್ಟು ಅಂತ ಮಾತಾಡಿ. ಮೂರು ಕಂತು ಕೇಳಿ: ಒಪ್ಪಂದದ ದಿನ, ಮುಖ್ಯ ಪಾತ್ರಗಳು ಲಾಕ್ ಆದ ದಿನ, ಶೂಟಿಂಗ್ ಶುರುವಾಗುವ ದಿನ. “ರಿಲೀಸ್ ಆದ ಮೇಲೆ” ಎನ್ನುವ ಕಂತಿಗೆ ಒಪ್ಪಬೇಡಿ. ಓಡಾಟ, ಊಟ, ಹಾಲ್ ಬಾಡಿಗೆ ಬೇರೆ. ಪ್ಯಾನ್, ಬ್ಯಾಂಕ್ ಖಾತೆ ಸರಿಯಾಗಿರಲಿ, ಟಿಡಿಎಸ್ (ಹಣ ಕೊಡುವವರೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಮೊದಲ ಕೆಲವು ವರ್ಷ ಇದೊಂದರಿಂದಲೇ ಮನೆ ನಡೆಯುವುದು ಕಷ್ಟ. ತೋಟ, ಅಂಗಡಿ, ಪಾಠ ಏನಿದೆಯೋ ಅದನ್ನು ಬಿಡಬೇಡಿ.

ಒಪ್ಪಂದದಲ್ಲಿ ಟೈಟಲ್ ಕಾರ್ಡ್‌ನ ಸಾಲನ್ನು ಬರೆಸಿಯೇ ಸಹಿ ಹಾಕಿ: ಕಾಸ್ಟಿಂಗ್, ನಿಮ್ಮ ಹೆಸರು. ಬೆಂಗಳೂರಿನ ಕಾಸ್ಟಿಂಗ್ ಡೈರೆಕ್ಟರ್ ಮುಖ್ಯವಾಗಿದ್ದರೆ ‘ಲೋಕಲ್ ಕಾಸ್ಟಿಂಗ್, ಉತ್ತರ ಕನ್ನಡ’ ಎಂದು ಬೇರೆ ಸಾಲು ಕೇಳಿ. ಸಣ್ಣ ಪಾತ್ರ ಮಾಡಿದ ಊರಿನವರ ಹೆಸರುಗಳ ಪಟ್ಟಿಯನ್ನು, ಕಾಗುಣಿತ ಅವರ ಹತ್ತಿರವೇ ಕೇಳಿ ಸರಿಮಾಡಿಕೊಂಡು, ಎಡಿಟಿಂಗ್ ಮುಗಿಯುವ ಮೊದಲೇ ನಿರ್ದೇಶನ ತಂಡಕ್ಕೆ ಕಳಿಸಿ. ಸಿನಿಮಾ ಬಿಡುಗಡೆಯಾದಾಗ ಅವರ ಮನೆಯವರು ಥಿಯೇಟರಿನಲ್ಲಿ ಕೊನೆಯವರೆಗೆ ಕೂತು ಅದನ್ನೇ ಹುಡುಕುತ್ತಾರೆ.